ದೀರ್ಘಕಾಲೀನ ಯಕೃತ್ ರೋಗ: ವಯಸ್ಸು ಮತ್ತು ಜನಾಂಗ

ಹೆಪಟೈಟಿಸ್ ಬಿ ಸೋಂಕಿನಲ್ಲಿ ವಯಸ್ಸೇ ನಿರ್ಣಾಯಕ. ಹೆರಿಗೆ ವೇಳೆ ತಾಯಿಯಿಂದ ಸೋಂಕು ತಗುಲಿದ ಶಿಶುಗಳಲ್ಲಿ ಸುಮಾರು ಶೇ. 90ರಷ್ಟು ಮಂದಿಯಲ್ಲಿ ಅದು ದೀರ್ಘಕಾಲ ಉಳಿಯುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಈ ಪ್ರಮಾಣ ಶೇ. 5ಕ್ಕಿಂತ ಕಡಿಮೆ. ಶಿಶುವಿನ ರೋಗನಿರೋಧಕ ವ್ಯವಸ್ಥೆ ಇನ್ನೂ ಬಲಿತಿರುವುದಿಲ್ಲ. ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ ಹಾಕುವುದು ಇದಕ್ಕಾಗಿಯೇ. ಮನೆಯಲ್ಲಿ ಗರ್ಭಿಣಿಯರಿದ್ದರೆ ನೆನಪಿಡಬೇಕಾದ ಅಂಶವಿದು. ಹೆಪಟೈಟಿಸ್ ಸಿ ಮಾತ್ರ ಭಿನ್ನ: 40 ವರ್ಷದ ನಂತರ ಸೋಂಕು ತಗುಲಿದರೆ ಯಕೃತ್ತು ಬೇಗ ಗಡುಸಾಗುತ್ತದೆ.

ಹೆಪಟೈಟಿಸ್ ಬಿ ವೈರಾಣುವಿನ ಸುಳಿವು ಸಿಕ್ಕಿದ್ದು ಜನಾಂಗಗಳ ಹೋಲಿಕೆಯಿಂದಲೇ. ವಿಜ್ಞಾನಿ ಬರೂಕ್ ಬ್ಲಂಬರ್ಗ್ ಬೇರೆ ಬೇರೆ ಜನಾಂಗಗಳ ರಕ್ತದ ಪ್ರೋಟೀನ್‌ಗಳನ್ನು ಹೋಲಿಸುತ್ತಿದ್ದಾಗ, ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ‘ಆಸ್ಟ್ರೇಲಿಯಾ ಆ್ಯಂಟಿಜನ್’ ಸಿಕ್ಕಿತು. ಅದು ಹೆಪಟೈಟಿಸ್ ಬಿ ವೈರಾಣುವಿನ ಹೊರಕವಚದ ಪ್ರೋಟೀನ್. ಅವರು 1976ರ ನೊಬೆಲ್ ಹಂಚಿಕೊಂಡರು. ಅವರ ಜನ್ಮದಿನ ಜುಲೈ 28 ವಿಶ್ವ ಹೆಪಟೈಟಿಸ್ ದಿನ.

ಯಕೃತ್ತಿನಲ್ಲಿ ಕೊಬ್ಬು ತುಂಬುವ ಕಾಯಿಲೆಯಲ್ಲಿ ಜನಾಂಗದ ವ್ಯತ್ಯಾಸ ಎದ್ದುಕಾಣುತ್ತದೆ. ಅಮೆರಿಕದ ಡಲ್ಲಾಸ್ ಅಧ್ಯಯನದಲ್ಲಿ (2004) ಅದು ಹಿಸ್ಪಾನಿಕ್ ಜನರಲ್ಲಿ ಶೇ. 45, ಬಿಳಿಯರಲ್ಲಿ ಶೇ. 33, ಕಪ್ಪುವರ್ಣೀಯರಲ್ಲಿ ಶೇ. 24ರಷ್ಟಿತ್ತು. ಪಿಎನ್‌ಪಿಎಲ್‌ಎ3 ಜೀನಿನ ರೂಪಾಂತರ ಇದಕ್ಕೊಂದು ಕಾರಣವೆಂದು 2008ರಲ್ಲಿ ತಿಳಿಯಿತು. ಆದರೆ ಎಲ್ಲವನ್ನೂ ಜೀನಿಗೆ ಕಟ್ಟುವುದು ತಪ್ಪು. ಆಹಾರ, ಆದಾಯ, ಚಿಕಿತ್ಸೆಯ ಲಭ್ಯತೆಯೂ ಸೇರುತ್ತವೆ. ತೆಳ್ಳಗಿರುವ ಭಾರತೀಯರಲ್ಲೂ ಈ ಕಾಯಿಲೆ ಕಾಣುತ್ತದೆ.