ಏಳು ಲಕ್ಷವಿದ್ದರೆ ಆರು ಲಕ್ಷದ ಗಾಡಿ

ಕೈಯಲ್ಲಿ 7 ಲಕ್ಷದ 25 ಸಾವಿರ ಇತ್ತು. ಗಾಡಿಗೆ ಕೊಟ್ಟಿದ್ದು 6 ಲಕ್ಷದ 20 ಸಾವಿರ. ಮಿಕ್ಕ 1 ಲಕ್ಷದ 5 ಸಾವಿರವನ್ನು ಅದೇ ವಾರ ಬೇರೊಂದು ಉಳಿತಾಯ ಖಾತೆಗೆ ಹಾಕಿ, ಇದು ಗಾಡಿಯ ದುಡ್ಡು, ಮನೆಯ ದುಡ್ಡಲ್ಲ ಎಂದು ಎಲ್ಲರಿಗೂ ಹೇಳಿಟ್ಟೆ. ತಂದದ್ದು 2018ರ ಡೀಸೆಲ್ ವಿಟಾರಾ ಬ್ರೆಝಾ. ಒಬ್ಬರೇ ಮಾಲೀಕರು, ಬೆಂಗಳೂರಿನ ನೋಂದಣಿ. ಕಳವಾರದ ನಮ್ಮ ಬೀದಿಗೆ ಅದು ಬಂದ ಮೇಲೆ ನೋಡಲು ಬಂದವರೆಲ್ಲ ಎರಡೇ ಮಾತು ಕೇಳಿದರು: ಎಷ್ಟಕ್ಕೆ ಬಂತು, ಮೈಲೇಜ್ ಎಷ್ಟು ಕೊಡುತ್ತೆ. ಗಾಡಿಗೆಂದು ಎಷ್ಟು ತೆಗೆದಿಟ್ಟಿದ್ದೀಯ ಎಂದು ಯಾರೂ ಕೇಳಲಿಲ್ಲ. ನಮ್ಮಂಥ ಬೇಸಾಯದ ಮನೆಗಳಿಗೆ ಅದೇ ದೊಡ್ಡ ಪ್ರಶ್ನೆ.

ನಮ್ಮಲ್ಲಿ ದುಡ್ಡು ತಿಂಗಳ ಲೆಕ್ಕದಲ್ಲಿ ಬರುವುದಿಲ್ಲ. ಬೆಂಗಳೂರು ಬ್ಲೂ ದ್ರಾಕ್ಷಿ ಕಟಾವಾದಾಗ ಒಂದು ಗಂಟು ಬರುತ್ತದೆ. ಮಳೆ ಹಿಡಿದು ಬೂಜು ರೋಗ ಬಿದ್ದರೆ ಅದೂ ಬರುವುದಿಲ್ಲ. ಶಿಡ್ಲಘಟ್ಟದ ಕಡೆಯವರಿಗೆ ರೇಷ್ಮೆ ಗೂಡಿನ ರೇಟು, ಚಿಂತಾಮಣಿಯವರಿಗೆ ಟೊಮೆಟೊ ರೇಟು. ಮನೆ ನಡೆಯುವುದು ಡೇರಿಯ ಬಟವಾಡೆಯಿಂದ. ಇಂಥ ಮನೆಗೆ ಹಳೆಯ ಗಾಡಿಯ ಅತಿ ದೊಡ್ಡ ಗುಣ ಅದಕ್ಕೆ ಕಂತಿಲ್ಲದಿರುವುದು. ಅತಿ ದೊಡ್ಡ ದೋಷವೆಂದರೆ ಫಸಲು ಇಲ್ಲದ ತಿಂಗಳಲ್ಲೇ 20 ಸಾವಿರದ ಬಿಲ್ಲು ತರಬಲ್ಲದು. ಹಾಗಾಗಿ ಬಜೆಟ್ಟಿನ ಏಳನೇ ಒಂದು ಪಾಲನ್ನು ಗಾಡಿ ನೋಡಲು ಹೋಗುವ ಮೊದಲೇ ತೆಗೆದಿಡಬೇಕೆಂದು ತೀರ್ಮಾನಿಸಿದ್ದೆ.

ಬ್ರೆಝಾದಂಥ ನಾಲ್ಕು ಮೀಟರಿನೊಳಗಿನ ಎಸ್‌ಯುವಿಗಳು ಹುಟ್ಟಿದ್ದೇ ತೆರಿಗೆಯಿಂದ. ಉದ್ದ 4,000 ಮಿಲಿಮೀಟರ್ ದಾಟದೆ, ಪೆಟ್ರೋಲ್ ಎಂಜಿನ್ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ಮೀರದಿದ್ದರೆ ಸಣ್ಣ ಕಾರಿನ ತೆರಿಗೆ. 2013ರಲ್ಲಿ ಫೋರ್ಡ್ ಇಕೋಸ್ಪೋರ್ಟ್, 2016ರಲ್ಲಿ ಬ್ರೆಝಾ, 2017ರಲ್ಲಿ ಟಾಟಾ ನೆಕ್ಸಾನ್, 2019ರಲ್ಲಿ ಹ್ಯುಂಡೈ ವೆನ್ಯೂ ಮತ್ತು ಮಹೀಂದ್ರಾ ಎಕ್ಸ್‌ಯುವಿ300 ಬಂದವು. ಇವತ್ತು ಸೆಕೆಂಡ್ಸ್ ಮಾರುಕಟ್ಟೆಯಲ್ಲಿ ಸಿಗುವುದು ಹೆಚ್ಚಾಗಿ ಇವೇ.

ಬೆಲೆಯ ಮಾತಿನಲ್ಲಿ ಒಂದು ತಾರೀಖು ನೆನಪಿಡಿ: 2025ರ ಸೆಪ್ಟೆಂಬರ್ 22. ಅಂದಿನಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇಕಡಾ 18ಕ್ಕೆ ಇಳಿಯಿತು. ಅದಕ್ಕೂ ಮೊದಲು ಸಣ್ಣ ಡೀಸೆಲ್ ಗಾಡಿಗೆ ಸೆಸ್ ಸೇರಿ ಶೇಕಡಾ 31 ಇತ್ತು. ಶೋರೂಮಿನಲ್ಲಿ ಹತ್ತು ಲಕ್ಷವಿದ್ದ ಡೀಸೆಲ್ ಗಾಡಿ ಲೆಕ್ಕಪ್ರಕಾರ ಒಂಬತ್ತಕ್ಕೆ ಬಂತು. ಹೊಸದು ಇಳಿದ ಮೇಲೆ ಹಳೆಯದೂ ಇಳಿಯಲೇಬೇಕು. ನಾನು ಕೊಂಡದ್ದು ಅದಕ್ಕೂ ಮುಂಚೆ, ಆಗಿನ ಬೆಲೆಗೆ ಅದು ಸರಿಯಾಗಿಯೇ ಇತ್ತು. ಈಗ ಕೊಳ್ಳುವವರ ಮುಂದೆ ಬ್ರೋಕರ್ ಹಳೆಯ ಬಿಲ್ಲು ತೋರಿಸಿ ರೇಟು ಕಟ್ಟಿದರೆ, ಅದೇ ಮಾದರಿಯ ಅಥವಾ ಅದಕ್ಕೆ ಹತ್ತಿರದ ಹೊಸ ಗಾಡಿಯ ಇಂದಿನ ಬೆಲೆ ಹಿಡಿದು ಚೌಕಾಸಿ ಮಾಡಿ.

ನಾನು ಬ್ರೆಝಾ ಆರಿಸಿದ್ದು ಎಂಜಿನ್ನಿಗಾಗಿ. 1,248 ಸಿಸಿಯ ಆ ಡೀಸೆಲ್ ಎಂಜಿನ್ ಮೂಲತಃ ಫಿಯಟ್‌ನದು. ಸ್ವಿಫ್ಟ್, ಡಿಸೈರ್, ಎರ್ಟಿಗಾಗಳಲ್ಲೂ ಅದೇ, ಟಾಟಾದ ವಿಸ್ಟಾ, ಮಾಂಜಾಗಳಲ್ಲೂ ಅದೇ. ಚಿಕ್ಕಬಳ್ಳಾಪುರದ ಯಾವ ಗ್ಯಾರೇಜಿಗೆ ಹೋದರೂ ಅದನ್ನು ಬಿಚ್ಚಿ ಜೋಡಿಸಿದ ಕೈ ಒಂದಾದರೂ ಇರುತ್ತದೆ. ಬೆಲ್ಟ್ ಬದಲು ಟೈಮಿಂಗ್ ಚೈನ್ ಇರುವುದರಿಂದ ಇಂತಿಷ್ಟು ಕಿಲೋಮೀಟರಿಗೆ ಬೆಲ್ಟ್ ಬದಲಾಯಿಸುವ ಖರ್ಚಿಲ್ಲ. ಮಾರುತಿಯವರು 2020ರ ಏಪ್ರಿಲ್‌ನಲ್ಲಿ ಬಿಎಸ್‌6 ಹೊಗೆ ನಿಯಮ ಬಂದಾಗ ಡೀಸೆಲ್ಲನ್ನೇ ನಿಲ್ಲಿಸಿದರು, ಆದರೆ ರಸ್ತೆಯಲ್ಲಿ ಅಷ್ಟೊಂದು ಗಾಡಿಗಳಿರುವುದರಿಂದ ಬಿಡಿಭಾಗಕ್ಕೆ ಬರ ಬಂದಿಲ್ಲ.

ಬಿಎಸ್‌4 ಡೀಸೆಲ್ಲೇ ಬೇಕೆಂದು ಹುಡುಕಿದ್ದಕ್ಕೆ ಇನ್ನೊಂದು ಕಾರಣವಿದೆ. ಕಳವಾರದಿಂದ ಚಿಕ್ಕಬಳ್ಳಾಪುರ ಕೂಗಳತೆಯ ದೂರ. ಎಂಜಿನ್ ಬಿಸಿಯಾಗುವಷ್ಟರಲ್ಲಿ ಊರು ಬಂದಿರುತ್ತದೆ. ಬಿಎಸ್‌6 ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದರೆ ಮಾತ್ರ ಆ ಮಸಿ ಸುಟ್ಟು ಹೋಗುತ್ತದೆ. ದಿನವೂ ಡೇರಿ, ಶಾಲೆ, ಮಾರ್ಕೆಟ್ ಎಂದು ಗಿಡ್ಡ ಓಡಾಟವೇ ಆದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಬದಲಾಯಿಸುವುದಾದರೆ ಖರ್ಚು ದೊಡ್ಡದು. ಗೌರಿಬಿದನೂರಿನಿಂದ ದಿನಾ ಬೆಂಗಳೂರಿಗೆ ಹೋಗಿಬರುವವರಿಗೆ ಈ ತೊಂದರೆ ಇಲ್ಲ. ಹಳ್ಳಿಯಲ್ಲೇ ಸುತ್ತುವವರಿಗೆ ಇದೆ.

ಡೀಸೆಲ್ ಲಾಭವೇ ಎನ್ನುವುದನ್ನು ಕಾಗದದ ಮೇಲೆ ನೋಡೋಣ. ಲೀಟರಿಗೆ ಡೀಸೆಲ್ ಸುಮಾರು 91, ಪೆಟ್ರೋಲ್ ಸುಮಾರು 103 ರೂಪಾಯಿ ಎಂದಿಟ್ಟುಕೊಳ್ಳಿ. ಡೀಸೆಲ್ ಗಾಡಿ ಲೀಟರಿಗೆ 18, ಪೆಟ್ರೋಲ್ ಗಾಡಿ 14 ಕಿಲೋಮೀಟರ್ ಕೊಟ್ಟರೆ, ಕಿಲೋಮೀಟರಿಗೆ ಸುಮಾರು 2 ರೂಪಾಯಿ 30 ಪೈಸೆ ಉಳಿತಾಯ. ವರ್ಷಕ್ಕೆ 10,000 ಕಿಲೋಮೀಟರ್ ಓಡಿಸಿದರೆ 23 ಸಾವಿರ. ಅದೇ ವಯಸ್ಸಿನ ಪೆಟ್ರೋಲ್ ಗಾಡಿಗಿಂತ ಡೀಸೆಲ್ಲಿಗೆ 70 ಸಾವಿರ ಜಾಸ್ತಿ ಕೇಳಿದರೆ ಅದು ತೀರಲು ಮೂರು ವರ್ಷ ಬೇಕು. ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರ್ ಓಡಿಸುವವರು ಪೆಟ್ರೋಲ್ ಗಾಡಿಯನ್ನೇ ನೋಡುವುದು ಒಳ್ಳೆಯದು.

ನೆಲದಿಂದ 198 ಮಿಲಿಮೀಟರ್ ಎತ್ತರ ಈ ಗಾಡಿಗೆ. ಅದೇ ಕಂಪನಿಯ 2018ರ ಸ್ವಿಫ್ಟಿಗೆ 163. ನಡುವಿನ ಮೂರೂವರೆ ಸೆಂಟಿಮೀಟರಿನ ಬೆಲೆ ತೋಟದ ದಾರಿಯಲ್ಲಿ ಓಡಿಸಿದವರಿಗೆ ಗೊತ್ತು. ಟ್ರ್ಯಾಕ್ಟರ್ ಚಕ್ರ ಮಾಡಿದ ಗಾಡಿಜಾಡಿನ ನಡುವೆ ಎದ್ದು ನಿಂತ ದಿಬ್ಬ ಹೊಟ್ಟೆಗೆ ತಾಗುವುದಿಲ್ಲ. ಪಾಪಾಗ್ನಿ ಮಠದ ಕಡೆಯ ಕಲ್ಲುದಾರಿಯಲ್ಲೂ ಅಷ್ಟೇ. ಆದರೆ ಎಸ್‌ಯುವಿ ಎಂಬ ಹೆಸರನ್ನು ನಂಬಿ ಕೆಸರಿಗೆ ಇಳಿಸಬೇಡಿ. ಬ್ರೆಝಾ, ನೆಕ್ಸಾನ್, ವೆನ್ಯೂ ಯಾವುದೇ ಇರಲಿ, ಎಂಜಿನ್ನಿನ ಬಲ ಹೋಗುವುದು ಮುಂದಿನ ಎರಡು ಚಕ್ರಕ್ಕೆ ಮಾತ್ರ. ಅಶ್ವಿನಿ, ಭರಣಿ ಮಳೆಗೆ ಕಷ್ಟವಿಲ್ಲ. ಹಸ್ತ, ಚಿತ್ತಾ ಮಳೆಗೆ ನಮ್ಮ ಕೆಂಪುಮಣ್ಣು ನೆನೆದು ಮೆತ್ತಗಾದ ಮೇಲೆ ಇದೂ ಬೇರೆ ಕಾರಿನಂತೆಯೇ ಹೂತುಕೊಳ್ಳುತ್ತದೆ. ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕೆಂದರೆ ಹಳೆಯ ರೆನೋ ಡಸ್ಟರಿನ ಒಂದು ಮಾದರಿ ಇದೆ, ಆದರೆ ಅದು ನಾಲ್ಕು ಮೀಟರಿಗಿಂತ ಉದ್ದ, ಖರ್ಚೂ ಹೆಚ್ಚು.

ಸುರಕ್ಷತೆಯ ವಿಷಯದಲ್ಲಿ ನನ್ನ ಗಾಡಿ ಮೊದಲ ಸ್ಥಾನದಲ್ಲಿಲ್ಲ. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 2018ರಲ್ಲಿ ಬ್ರೆಝಾಗೆ ನಾಲ್ಕು ಸ್ಟಾರ್ ಬಂತು. ಅದೇ ವರ್ಷದ ಕೊನೆಗೆ ನೆಕ್ಸಾನ್ ಐದು ಸ್ಟಾರ್ ಪಡೆಯಿತು, ಭಾರತದಲ್ಲಿ ತಯಾರಾದ ಕಾರಿಗೆ ಅದು ಮೊದಲು. 2020ರಲ್ಲಿ ಎಕ್ಸ್‌ಯುವಿ300 ಕೂಡ ಐದು ಪಡೆಯಿತು. ರಾತ್ರಿ ಹೊತ್ತು ಹೈದರಾಬಾದ್ ಹೆದ್ದಾರಿಯಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಹೆಚ್ಚು ಓಡಾಡುವವರು ಈ ಎರಡನ್ನು ಮೊದಲು ನೋಡಬೇಕು, ಐವತ್ತು ಸಾವಿರ ಹೆಚ್ಚಾದರೂ ಸರಿ. ಯಾವುದನ್ನೇ ನೋಡಿದರೂ ಏರ್‌ಬ್ಯಾಗ್ ಎಷ್ಟಿವೆ, ಎಬಿಎಸ್ ಇದೆಯೇ ಎಂದು ಆ ಗಾಡಿಯಲ್ಲೇ ಪರೀಕ್ಷಿಸಿ. ಎಬಿಎಸ್ ಎಲ್ಲ ಕಾರಿಗೂ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ಇಕೋಸ್ಪೋರ್ಟ್ ಗಟ್ಟಿ ಗಾಡಿ, ಬೆಲೆಯೂ ಕಡಿಮೆ. ಕಡಿಮೆಯಾಗಲು ಕಾರಣ, 2021ರ ಸೆಪ್ಟೆಂಬರಿನಲ್ಲಿ ಫೋರ್ಡ್ ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದ್ದು. ಬೆಂಗಳೂರಿನಲ್ಲಿರುವವರು ಅದನ್ನು ಧೈರ್ಯವಾಗಿ ಕೊಳ್ಳಬಹುದು. ಹಳ್ಳಿಯಲ್ಲಿರುವ ನಾನು ಕೊಳ್ಳಲಿಲ್ಲ.

ಇನ್ನು ಕಾಗದಪತ್ರ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ನಮ್ಮ ಕಡೆ ದುಡ್ಡು ಸೋರುವುದೇ ಇಲ್ಲಿ.

ಗೌರಿಬಿದನೂರಿಗೆ ಹಿಂದೂಪುರ ಪಕ್ಕದೂರು. ಚಿಂತಾಮಣಿಯಿಂದ ಮದನಪಲ್ಲಿ ದೂರವಲ್ಲ. ಆಂಧ್ರದ ನಂಬರಿನ ಗಾಡಿ ಅಗ್ಗವಾಗಿ ಕಾಣುತ್ತದೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ದೆಹಲಿಯಲ್ಲಿ ಕಟ್ಟಳೆ ಇರುವುದರಿಂದ ಅಲ್ಲಿಂದ ಬರುವ ಗಾಡಿಗಳು ಇನ್ನೂ ಅಗ್ಗ. ಅಂಥ ಗಾಡಿಯನ್ನು ಇಲ್ಲಿ ಇಟ್ಟುಕೊಳ್ಳಬೇಕಾದರೆ ಆ ರಾಜ್ಯದ ಎನ್‌ಓಸಿ ತಂದು, ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಿ, ಕೆಎ ನಂಬರ್ ಮಾಡಿಸಬೇಕು. ಐದರಿಂದ ಹತ್ತು ಲಕ್ಷದೊಳಗಿನ ಹೊಸ ಕಾರಿಗೆ ಇಲ್ಲಿ ಆ ತೆರಿಗೆ ಶೇಕಡಾ 14. ಹಳೆಯ ಗಾಡಿಗೆ ವಯಸ್ಸಿಗೆ ತಕ್ಕಂತೆ ಇಳಿದರೂ ಸಣ್ಣ ಮೊತ್ತವಲ್ಲ. ಅದನ್ನು ಸೇರಿಸಿ ನೋಡಿದಾಗ ಪಕ್ಕದ ರಾಜ್ಯದ ಅಗ್ಗ ಮುಕ್ಕಾಲು ಪಾಲು ಕರಗಿತ್ತು. ನಾನು ಕೆಎ ನಂಬರನ್ನೇ ಹುಡುಕಿದ್ದು ಅದಕ್ಕೆ.

ಟಿಓ (ಮಾಲೀಕತ್ವ ವರ್ಗಾವಣೆ) ಪೇಪರಿಗೆ ಸಹಿ ಹಾಕಿಸಿಕೊಂಡು ಆರ್‌ಸಿ ಬದಲಾಯಿಸದೆ ವರ್ಷಗಟ್ಟಲೆ ಓಡಿಸುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಅಪಘಾತವಾದರೆ ಕಾನೂನಿನ ಕಣ್ಣಿಗೆ ಮಾಲೀಕ ಆರ್‌ಸಿಯಲ್ಲಿ ಹೆಸರಿರುವವನೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಮಾರಿದವರಿಗೂ ಕೊಂಡವರಿಗೂ ಇದು ಅಪಾಯ. ಫಾರಂ 29, ಫಾರಂ 30, ಸಾಲವಿದ್ದರೆ ಬ್ಯಾಂಕಿನ ಫಾರಂ 35, ಇವು ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ನೋ ಕ್ಲೇಮ್ ಬೋನಸ್ ಹಳೆಯ ಮಾಲೀಕರ ಜೊತೆ ಹೋಗುತ್ತದೆ, ಗಾಡಿಯ ಜೊತೆ ಬರುವುದಿಲ್ಲ, ಆದ್ದರಿಂದ ಪ್ರೀಮಿಯಂ ಅವರು ಹೇಳಿದ್ದಕ್ಕಿಂತ ಜಾಸ್ತಿಯಾಗುತ್ತದೆ. ಬೆಂಗಳೂರಿನ ಗಾಡಿಯಾದರೆ ಟ್ರಾಫಿಕ್ ದಂಡ ಬಾಕಿ ಇದೆಯೇ ನೋಡಿ. ಹಳೆಯ ಫಾಸ್ಟ್ಯಾಗ್ ರದ್ದು ಮಾಡಿಸಿ.

ಬೆಂಗಳೂರಿನ ಗಾಡಿಗೆ ಇನ್ನೊಂದು ಪರೀಕ್ಷೆಯೂ ಬೇಕು. 2022ರ ಸೆಪ್ಟೆಂಬರಿನ ಮಳೆಗೆ ನಗರದ ಪೂರ್ವ ಭಾಗದ ಬಡಾವಣೆಗಳಲ್ಲಿ ಕಾರುಗಳು ನೀರಿನಲ್ಲಿ ಮುಳುಗಿ ನಿಂತಿದ್ದನ್ನು ಎಲ್ಲರೂ ನೋಡಿದ್ದೇವೆ. ಅಂಥ ಗಾಡಿಗಳನ್ನು ತೊಳೆದು ಪಾಲಿಶ್ ಮಾಡಿದರೆ ಹೊರಗಿನಿಂದ ಏನೂ ತಿಳಿಯದು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ನೀರು ನಿಂತ ಗಾಡಿಯಲ್ಲಿ ಬೆಲ್ಟಿನ ಬುಡದಲ್ಲಿ ಮಣ್ಣಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಹಳಿಗಳಿಗೆ ತುಕ್ಕು ಹಿಡಿದಿದೆಯೇ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯಲ್ಲಿ ಕೆಸರಿದೆಯೇ ಎಂದು ಕೈ ಹಾಕಿ ನೋಡಿ. ನಾನು ಗ್ಯಾರೇಜಿನವರನ್ನು ಜೊತೆಗೆ ಕರೆದುಕೊಂಡು ಹೋದೆ, ಅವರ ಒಂದು ದಿನದ ಕೂಲಿ ಕೊಟ್ಟೆ. ಇಡೀ ವ್ಯವಹಾರದಲ್ಲಿ ಅತ್ಯಂತ ಲಾಭ ತಂದ ಖರ್ಚು ಅದೇ. ಕ್ಲಚ್ ಹೆಚ್ಚು ದಿನ ಬಾಳುವುದಿಲ್ಲ, ಟೈರು ಮುಗಿದಿವೆ ಎಂದು ಅವರು ಅಲ್ಲೇ ಹೇಳಿದ್ದರಿಂದ ಬೆಲೆಯಲ್ಲಿ 30 ಸಾವಿರ ಇಳಿಯಿತು.

ಹೇಳಿದ ಹಾಗೇ ಮೊದಲ ವರ್ಷ ಬಿಲ್ಲುಗಳು ಬಂದವು. ಹೆಸರು ವರ್ಗಾವಣೆ ಮತ್ತು ವಿಮೆಗೆ 21 ಸಾವಿರ, ನಾಲ್ಕು ಟೈರಿಗೆ 34, ಕ್ಲಚ್ ಸೆಟ್ಟಿಗೆ ಕೂಲಿ ಸೇರಿ 19, ಬ್ಯಾಟರಿಗೆ ಆರೂವರೆ, ಆಯಿಲ್, ಫಿಲ್ಟರ್, ಸಸ್ಪೆನ್ಷನ್ ಬುಷ್‌ಗಳಿಗೆ 11. ಒಟ್ಟು 91,500. ಖಾತೆಯಲ್ಲಿ ಇನ್ನೂ ಹದಿಮೂರೂವರೆ ಸಾವಿರ ಉಳಿದಿತ್ತು. ಒಂದು ಬಟವಾಡೆಯನ್ನೂ ಮುಟ್ಟಲಿಲ್ಲ, ಒಡವೆ ಅಡವಿಡಲಿಲ್ಲ.

ಹೊಸದನ್ನೇ ತರಬಹುದಿತ್ತಲ್ಲ ಎಂದು ತಮ್ಮ ಕೇಳಿದ. ಅದನ್ನೂ ಲೆಕ್ಕ ಹಾಕಿದ್ದೆ. ರಸ್ತೆಗಿಳಿಯುವಾಗ 11 ಲಕ್ಷದ 25 ಸಾವಿರವಾಗುವ ಹೊಸ ಗಾಡಿಗೆ ನನ್ನ ಹಣವೆಲ್ಲ ಹಾಕಿ, 4 ಲಕ್ಷ ಸಾಲ ಮಾಡಬೇಕು. ಶೇಕಡಾ ಒಂಬತ್ತೂವರೆ ಬಡ್ಡಿಗೆ ಐದು ವರ್ಷ, ತಿಂಗಳಿಗೆ ಸುಮಾರು 8,400 ರೂಪಾಯಿ ಕಂತು. ಬಡ್ಡಿಯೇ 1 ಲಕ್ಷದ 4 ಸಾವಿರ. ಅಂದರೆ ಬ್ಯಾಂಕಿಗೆ ಹೋಗಬೇಕಿದ್ದ ಬಡ್ಡಿಯಷ್ಟು ಹಣದಲ್ಲಿ ನನ್ನ ಹಳೆಯ ಗಾಡಿಯ ಮೊದಲ ವರ್ಷದ ಖರ್ಚೆಲ್ಲ ಮುಗಿದು ಸ್ವಲ್ಪ ಉಳಿಯಿತು. ಸಾಲ ಮಾಡಿ ಹಳೆಯದನ್ನು ಕೊಳ್ಳುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಸೆಕೆಂಡ್ಸ್ ಗಾಡಿಯ ಸಾಲಕ್ಕೆ ಬಡ್ಡಿ ಹೆಚ್ಚು. ಶೇಕಡಾ 14ಕ್ಕೆ 5 ಲಕ್ಷ ತೆಗೆದರೆ ನಾಲ್ಕು ವರ್ಷದಲ್ಲಿ ಬಡ್ಡಿ ಒಂದೂವರೆ ಲಕ್ಷ ದಾಟುತ್ತದೆ, ಕಂತಿನ ಜೊತೆಗೆ ರಿಪೇರಿಯೂ ಬರುತ್ತದೆ. ದೇವನಹಳ್ಳಿ ಕಡೆ ತಿಂಗಳ ಸಂಬಳದ ಕೆಲಸವಿದ್ದು, ಬೆಳಗಿನ ಜಾವದ ಪಾಳಿಗೆ ಗಾಡಿ ಕೈಕೊಡಬಾರದು ಎನ್ನುವವರಿಗೆ ವಾರಂಟಿ ಇರುವ ಹೊಸದೇ ಸರಿ. ಅವರ ಲೆಕ್ಕ ಬೇರೆ.

ಊರಿನ ಹುಡುಗರಿಗೆ ಒಂದು ಮಾತು ಹೇಳಲೇಬೇಕು. ಸ್ಕಂದಗಿರಿ ಹತ್ತಲು ಬರುವವರು, 2023ರ ಜನವರಿಯಿಂದ ಆವಲಗುರ್ಕಿಯ ಆದಿಯೋಗಿ ನೋಡಲು ಬರುವವರು ಶನಿವಾರ ಭಾನುವಾರ ಬಾಡಿಗೆಗೆ ಗಾಡಿ ಕೇಳುತ್ತಾರೆ. ಬಿಳಿ ಬೋರ್ಡಿನ ಗಾಡಿಯಲ್ಲಿ ದುಡ್ಡು ತೆಗೆದುಕೊಂಡು ಜನ ಕೂರಿಸಿದಾಗ ಅಪಘಾತವಾದರೆ ವಿಮಾ ಕಂಪನಿ ಕ್ಲೇಮ್ ತಳ್ಳಿಹಾಕಬಹುದು. ಒಂದು ಭಾನುವಾರದ ಬಾಡಿಗೆಗೆ ಹೊಲವನ್ನೇ ಪಣಕ್ಕಿಡಬೇಡಿ.

ನನ್ನ ಗಾಡಿಯ ಆರ್‌ಸಿ 2033ರವರೆಗೆ ಇದೆ. ಅದಾದ ಮೇಲೆ ಎಫ್‌ಸಿ ಮಾಡಿಸಬೇಕು, ಮರುನೋಂದಣಿ ಶುಲ್ಕವನ್ನು 2022ರಲ್ಲಿ 600ರಿಂದ 5,000ಕ್ಕೆ ಏರಿಸಿದ್ದಾರೆ, ಡೀಸೆಲ್ ಬಗ್ಗೆ ಆಗ ಯಾವ ನಿಯಮ ಇರುತ್ತದೋ. ಆದ್ದರಿಂದ 2030ರ ಹೊತ್ತಿಗೆ ಮಾರುವ ಯೋಚನೆ. ಅಲ್ಲಿಯವರೆಗೆ ಬಟವಾಡೆಯಿಂದ ತಿಂಗಳಿಗೆ 1,500 ಆ ಖಾತೆಗೆ ಹೋಗುತ್ತಿದೆ, ದ್ರಾಕ್ಷಿ ಚೆನ್ನಾಗಿ ಬಂದ ಸಲ ಇನ್ನಷ್ಟು. ಮುಂದಿನ ಬಿಲ್ಲು ಶಾಕ್ ಅಬ್ಸಾರ್ಬರಿನದು ಎಂದು ಗ್ಯಾರೇಜಿನವರು ಈಗಲೇ ಹೇಳಿದ್ದಾರೆ. ಅದನ್ನು ಕಟಾವು ಮುಗಿಯುವವರೆಗೆ ಕಾಯಿಸದೆ ಈ ತಿಂಗಳೇ ಹಾಕಿಸುತ್ತಿದ್ದೇನೆ.