ಉನ್ನತ ವೈದ್ಯ ವ್ಯಾಸಂಗ ಮತ್ತು ಊರಿನ ಆಯ್ಕೆ

ಎಂ.ಬಿ.ಬಿ.ಎಸ್. ಮುಗಿಸಿದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ಮನೆಗೆ ಬಂದಿದ್ದಳು. ನೀಟ್-ಪಿಜಿ ಕೌನ್ಸೆಲಿಂಗಿಗೆ ಕಾಲೇಜುಗಳ ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದ ಆಕೆ, "ಮಾಷ್ಟ್ರೇ, ಕಾಲೇಜನ್ನು ನೋಡಲೋ, ಊರನ್ನು ನೋಡಲೋ?" ಎಂದು ಕೇಳಿದಳು. ಇಂತಹ ಸಂದೇಹ ಕಾಸರಗೋಡಿನ ಇನ್ನೂ ಅನೇಕ ಮನೆಗಳಲ್ಲಿರುವುದರಿಂದ ಅವಳಿಗೆ ಹೇಳಿದುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಎಂ.ಡಿ., ಎಂ.ಎಸ್. ವ್ಯಾಸಂಗದ ಅವಧಿ 3 ವರ್ಷ. ಅಲ್ಲಿ ವಿದ್ಯಾರ್ಥಿಯು ಆಸ್ಪತ್ರೆಯಲ್ಲಿ ದುಡಿಯುತ್ತಲೇ ಕಲಿಯತಕ್ಕವನು. ಆದುದರಿಂದ ಬಯಸಿದ ವಿಷಯ ಮತ್ತು ರೋಗಿಗಳ ಸಂಖ್ಯೆ ಮೊದಲು. ರೋಗಿಗಳೇ ಬಾರದ ಆಸ್ಪತ್ರೆಯಲ್ಲಿ ಊರು ಎಷ್ಟು ಚೆಲುವಾಗಿದ್ದರೂ ವಿದ್ಯೆ ಕೈಗೂಡದು. ಇವು ಸಮವಾಗಿದ್ದಾಗ ಊರನ್ನು ತೂಗಬೇಕು.

1. ವಸತಿ: 2023ರ ನಿಯಮಾವಳಿಯಂತೆ ಕಾಲೇಜು ವಸತಿಯನ್ನು ಒದಗಿಸಬೇಕು. ಅದು ವಾರ್ಡಿಗೆ ಎಷ್ಟು ಹತ್ತಿರವೆಂದು ವಿಚಾರಿಸಬೇಕು. ಬೆಂಗಳೂರಿನಂತಹ ನಗರದಲ್ಲಿ ಹೊರಗೆ ಮನೆ ಹಿಡಿದರೆ ಬಾಡಿಗೆ, ಮುಂಗಡಗಳ ಜೊತೆಗೆ ವಾಹನದಟ್ಟಣೆಯಲ್ಲಿ ನಿದ್ರೆಯ ಹೊತ್ತೂ ಕಳೆದುಹೋಗುವುದು.

2. ಸುರಕ್ಷತೆ: 2024ರ ಆಗಸ್ಟಿನಲ್ಲಿ ಕೋಲ್ಕತ್ತದಲ್ಲಿ ರಾತ್ರಿ ಕರ್ತವ್ಯದಲ್ಲಿದ್ದ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಆಸ್ಪತ್ರೆಯೊಳಗೇ ಕೊಲೆಯಾದಳು. ಚಿಲಕವಿರುವ ವಿಶ್ರಾಂತಿ ಕೊಠಡಿ ಇದೆಯೇ, ಹಾಸ್ಟೆಲಿನ ದಾರಿಯಲ್ಲಿ ದೀಪಗಳಿವೆಯೇ ಎಂದು ಕೇಳಲು ತಂದೆತಾಯಂದಿರು ಸಂಕೋಚಪಡಬಾರದು.

3. ಭಾಷೆ: ರೋಗಿಯು ತನ್ನ ನೋವನ್ನು ಹೇಳುವುದು ತನ್ನ ಮಾತಿನಲ್ಲಿ. ಕನ್ನಡ, ತುಳು, ಮಲಯಾಳಗಳನ್ನು ಬಲ್ಲ ನಮ್ಮ ಮಕ್ಕಳಿಗೆ ಮಂಗಳೂರು, ಕಲ್ಲಿಕೋಟೆಗಳು ಪರಕೀಯವಲ್ಲ. ಚೆನ್ನೈಗೆ ಹೋಗುವವರು ತಮಿಳನ್ನೂ ದೆಹಲಿಗೆ ಹೋಗುವವರು ಹಿಂದಿಯನ್ನೂ ಮೊದಲ ತಿಂಗಳಿನಿಂದಲೇ ಕಲಿಯಬೇಕು.

4. ಹವೆ: ದೆಹಲಿಯಲ್ಲಿ ಚಳಿಗಾಲದ ಹೊಗೆಮಂಜು ಪ್ರಸಿದ್ಧ. ಉಬ್ಬಸವಿರುವವರು ಇದನ್ನು ಅಲಕ್ಷಿಸಬಾರದು.

5. ಮನೆಯ ದೂರ: ನಿಯಮದಂತೆ ಕೆಲಸದ ಒತ್ತಡವಿಲ್ಲದಿದ್ದಾಗ ವಾರಕ್ಕೊಂದು ಬಿಡುವು, ವರ್ಷಕ್ಕೆ 20 ದಿನಗಳ ಸಾಂದರ್ಭಿಕ ರಜೆ ಇವೆ. ಮಂಗಳೂರಿನಿಂದಾದರೆ ಬಿಡುವಿನ ದಿನವೇ ಮನೆಯ ಊಟ ಉಂಡು ಮರಳಬಹುದು. ದೆಹಲಿಯಿಂದ ರೈಲಿನಲ್ಲಿ ಬಂದುಹೋಗುವುದಕ್ಕೇ ಮೂರು ನಾಲ್ಕು ದಿನ ಬೇಕು.

ಇವೆಲ್ಲವನ್ನೂ ಅಲ್ಲಿ ಎರಡನೆಯ ವರ್ಷದಲ್ಲಿ ಓದುತ್ತಿರುವವರಿಂದ ಕೇಳಿ ತಿಳಿಯುವುದು ಲೇಸು. ಸೇರಿದ ಮೇಲೆ ಸೀಟನ್ನು ಬಿಟ್ಟರೆ ಕೆಲವು ರಾಜ್ಯಗಳಲ್ಲಿ ದಂಡ ತೆರಬೇಕಾಗುವುದು; ಮನಸ್ಸಿಗಾಗುವ ಘಾಸಿ ಬೇರೆ.

ಊರಿನ ಹೆಸರಿಗೆ ಮರುಳಾಗದೆ ಮೈಮನಸ್ಸುಗಳನ್ನು ಕಾಪಾಡಿಕೊಂಡು ಕಲಿತು ಬನ್ನಿರಿ. ಕನ್ನಡದಲ್ಲಿ ತಮ್ಮ ಕಾಯಿಲೆಯನ್ನು ಹೇಳಿಕೊಳ್ಳಬೇಕಾದ ಹಿರಿಯರು ಈ ಗಡಿನಾಡಿನಲ್ಲಿ ನಿಮ್ಮನ್ನು ಕಾದಿದ್ದಾರೆ.