ಪಾನೀಯದ ಗ್ಲೂಕೋಸ್ ಅಳತೆ: ಕಿಣ್ವದ ಆಯ್ಕೆ, ಬೆಳಕಿನ ಲೆಕ್ಕ

ಪಾನೀಯದ ಗ್ಲೂಕೋಸನ್ನಷ್ಟೇ ಅಳೆಯಲು ಬೆನೆಡಿಕ್ಟ್ ಪರೀಕ್ಷೆ ಸಾಲದು. ಅದು ಫ್ರಕ್ಟೋಸ್‌ಗೂ ಬಣ್ಣ ಬದಲಿಸುತ್ತದೆ. ಗ್ಲೂಕೋಸ್ ಆಕ್ಸಿಡೇಸ್ ಕಿಣ್ವವಾದರೋ ಗ್ಲೂಕೋಸನ್ನೇ ಆರಿಸಿ ಉತ್ಕರ್ಷಿಸಿ, ಹೈಡ್ರೋಜನ್ ಪೆರಾಕ್ಸೈಡ್ ಉತ್ಪಾದಿಸುತ್ತದೆ. ಪೆರಾಕ್ಸಿಡೇಸ್ ಅದನ್ನು ಬಳಸಿಕೊಂಡು 4-ಅಮೈನೋಆಂಟಿಪೈರಿನ್ ಮತ್ತು ಫೀನಾಲ್‌ನಿಂದ ಗುಲಾಬಿ ವರ್ಣದ್ರವ್ಯ ಉಂಟುಮಾಡುತ್ತದೆ. ಸ್ಪೆಕ್ಟ್ರೋಫೋಟೋಮೀಟರ್ ಸುಮಾರು 505 ನ್ಯಾನೋಮೀಟರ್ ತರಂಗಾಂತರದಲ್ಲಿ ಅದರ ಬೆಳಕಿನ ಹೀರಿಕೆಯನ್ನು ಓದುತ್ತದೆ. ಬಿಯರ್-ಲ್ಯಾಂಬರ್ಟ್ ನಿಯಮದಂತೆ ಹೀರಿಕೆಯು ಸಾರತೆಗೆ ಅನುಪಾತದಲ್ಲಿರುತ್ತದೆ.

ಕೋಲಾದ ಸ್ವಂತ ಬಣ್ಣ ಲೆಕ್ಕ ಕೆಡಿಸದೇ? ನೀರು ಬೆರೆಸಿ ತೆಳುವಾಗಿಸಿ, ಕಿಣ್ವ ಹಾಕದ ಮಾದರಿಯ ಹೀರಿಕೆಯನ್ನು ಕಳೆದರೆ ಆ ದೋಷ ನೀಗುತ್ತದೆ. ಹಣ್ಣಿನ ರಸದ ವಿಟಮಿನ್ ಸಿ ಪೆರಾಕ್ಸೈಡ್‌ನೊಡನೆ ವರ್ತಿಸಿ ಫಲಿತಾಂಶ ತಗ್ಗಿಸುವುದು ನಿಜ. ಅಲ್ಲಿ 340 ನ್ಯಾನೋಮೀಟರ್‌ನಲ್ಲಿ ಓದುವ ಹೆಕ್ಸೋಕೈನೇಸ್ ವಿಧಾನ ಸೂಕ್ತ. ಸುಕ್ರೋಸ್ ಮಾತ್ರ ಇನ್ವರ್ಟೇಸ್‌ನಿಂದ ಒಡೆಯದೆ ಲೆಕ್ಕಕ್ಕೆ ಬರದು. ಆದ್ದರಿಂದ ಇದು ಗ್ಲೂಕೋಸ್‌ನ ಅಳತೆಯೇ ಹೊರತು ಒಟ್ಟು ಸಕ್ಕರೆಯದಲ್ಲ ಎಂಬುದನ್ನು ಪರೀಕ್ಷಾರ್ಥಿಗಳು ನೆನಪಿಡಬೇಕು.